ನೆಲದ ಹಳೆಯ ಹೆಸರು: ಮುಂಬಯಿಯಲ್ಲಿ ಮನೆ ಕೊಳ್ಳುವವರಿಗೊಂದು ಚರಿತ್ರೆಯ ಪಾಠ

ಮುಂಬಯಿಯ ಕನ್ನಡಿಗರು ಒಟ್ಟು ಸೇರಿದ ಯಾವ ಸಮಾರಂಭದಲ್ಲಾದರೂ, ಭಾಷಣಗಳು ಮುಗಿದು ಕೈಗೆ ಚಹಾ ಬಂದ ಹೊತ್ತಿಗೆ, ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ಮಗನಿಗೊಂದು ಮನೆ ನೋಡಬೇಕು ಮಾರಾಯ್ರೆ, ಯಾವ ಕಡೆ ಒಳ್ಳೆಯದು?" ಸುತ್ತಲಿದ್ದವರು ಉದಾರವಾಗಿ ಉತ್ತರ ಕೊಡುತ್ತಾರೆ. ನಿಲ್ದಾಣಕ್ಕೆ ಎಷ್ಟು ನಿಮಿಷದ ನಡಿಗೆ, ಚದರಡಿಗೆ ಏನು ದರ, ನಲ್ಲಿಯಲ್ಲಿ ಎಷ್ಟು ಹೊತ್ತು ನೀರು, ಹತ್ತಿರದಲ್ಲಿ ಒಳ್ಳೆಯ ಶಾಲೆ ಇದೆಯೇ, ಎಲ್ಲವೂ ಚರ್ಚೆಗೆ ಬರುತ್ತದೆ. ಈ ನೆಲ ಮೊದಲು ಏನಾಗಿತ್ತು, ಯಾರದಾಗಿತ್ತು, ಈಗ ಯಾರದು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಚರಿತ್ರೆ ಪುರಸೊತ್ತಿನ ಓದು, ಮನೆ ಕೊಳ್ಳುವುದು ಲೆಕ್ಕಾಚಾರದ ಕೆಲಸ. ಇವೆರಡಕ್ಕೆ ಏನು ಸಂಬಂಧ ಎನಿಸಬಹುದು. ಆದರೆ ಮುಂಬಯಿಯಲ್ಲಿ ಬದುಕಿನ ಅರ್ಧ ಗಳಿಕೆಯನ್ನು ಒಂದು ಫ್ಲ್ಯಾಟಿಗೆ ಸುರಿದವರ ಸಂಕಟಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಅವುಗಳ ಬೇರು ಐವತ್ತು, ನೂರು, ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಈ ಊರಿನ ಒಂದೊಂದು ಬಡಾವಣೆಯೂ ಒಂದೊಂದು ಕಾಲದ ಸಮಸ್ಯೆಗೆ ಆ ಕಾಲದವರು ಕಂಡುಕೊಂಡ ಉತ್ತರ. ಆ ಉತ್ತರದ ಫಲವನ್ನೂ ಬಾಕಿಯನ್ನೂ ಇಂದು ಅಲ್ಲಿ ಮನೆ ಕೊಂಡವನೇ ಅನುಭವಿಸುತ್ತಾನೆ.

ಮೊದಲ ಮಾತು ನೀರಿನದು. ಮುಂಬಯಿ ಒಂದು ಕಾಲಕ್ಕೆ ಏಳು ದ್ವೀಪಗಳು: ಕೊಲಾಬಾ, ಕಿರಿಯ ಕೊಲಾಬಾ, ಮುಂಬಯಿ, ಮಝಗಾಂವ್, ಪರೇಲ್, ವರ್ಳಿ, ಮಾಹಿಮ್. 1661ರ ವಿವಾಹ ಒಪ್ಪಂದದಲ್ಲಿ ಪೋರ್ಚುಗೀಸರಿಂದ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಬಳುವಳಿಯಾಗಿ ಬಂದ ಈ ನೆಲವನ್ನು ಅವನು 1668ರಲ್ಲಿ ವರ್ಷಕ್ಕೆ 10 ಪೌಂಡಿನ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದ. ಇಡೀ ಊರೇ ಒಂದು ಬಾಡಿಗೆಯ ಕರಾರಿನಿಂದ ಆರಂಭವಾಯಿತು ಎಂಬುದನ್ನು ಮರೆಯಬಾರದು. ಆ ವಿಷಯಕ್ಕೆ ಮತ್ತೆ ಬರುತ್ತೇನೆ. ದ್ವೀಪಗಳ ನಡುವೆ ಉಬ್ಬರದ ಹೊತ್ತಿಗೆ ಕಡಲು ಒಳನುಗ್ಗುತ್ತಿತ್ತು, ಇಳಿತದಲ್ಲಿ ಕೆಸರು ಉಳಿಯುತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ವರ್ಳಿಗೂ ಮುಂಬಯಿ ದ್ವೀಪಕ್ಕೂ ನಡುವಿದ್ದ ದೊಡ್ಡ ಬಿರುಕನ್ನು ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಒಡ್ಡು ಮುಚ್ಚಿತು. 1803ರಲ್ಲಿ ಸಾಯನ್ ಸೇತುದಾರಿ, 1845ರಲ್ಲಿ ಮಾಹಿಮ್ ಸೇತುದಾರಿ ಬಂದವು. ಒಡ್ಡಿನ ಒಳಗಿನ ಜೌಗು ನೆಲ ಸ್ವಲ್ಪ ಸ್ವಲ್ಪವಾಗಿ ತುಂಬಿತು, ಗದ್ದೆಯಾಯಿತು, ಆಮೇಲೆ ಗಿರಣಿಯಾಯಿತು, ಈಗ ಗೋಪುರವಾಗಿದೆ.

ಆದರೆ ನೆಲದ ಹೆಸರುಗಳು ಇದನ್ನು ಇನ್ನೂ ಮರೆತಿಲ್ಲ. ಪಾಯಧುನಿ ಎಂದರೆ ಕಾಲು ತೊಳೆಯುವ ಜಾಗ. ಇಂದು ಕಾಲಿಡಲೂ ಎಡೆಯಿಲ್ಲದ ಆ ಪೇಟೆಯ ಬಳಿ ಹಿಂದೆ ಕಡಲ ನೀರು ಹರಿಯುತ್ತಿತ್ತು. ಉಮರಖಾಡಿ ಎಂದರೆ ಅತ್ತಿಮರದ ಹಿನ್ನೀರು. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್ ಎಂಬಲ್ಲಿ ಈಗ ಕೆರೆಗಳಿಲ್ಲ. 1942ರ ಆಗಸ್ಟಿನಲ್ಲಿ ಗಾಂಧೀಜಿ ಚಲೇಜಾವ್ ಕರೆಕೊಟ್ಟ ಮೈದಾನ ಮುಚ್ಚಿಹೋದ ಕೆರೆಯ ಮೇಲಿನದು. ಡೋಂಗ್ರಿ ಎಂದರೆ ಗುಡ್ಡ. ಮುಲುಂಡಿನ ಪೂರ್ವಕ್ಕೆ ಮಿಠಾಗರ್ ರಸ್ತೆ ಇದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ಕಂಡ ಉತ್ತರ ಕನ್ನಡದವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಾಡಿ, ತಲಾವ್, ಬಂದರ್, ಆಗರ್ ಎಂದು ಕೊನೆಗೊಳ್ಳುವ ಹೆಸರು ಕಂಡರೆ ಮಳೆಗಾಲದ ಬಗ್ಗೆ ಎರಡು ಪ್ರಶ್ನೆ ಹೆಚ್ಚು ಕೇಳಬೇಕು. ಡೋಂಗ್ರಿ, ಟೇಕ್ಡಿ, ಹಿಲ್ ಎಂದಿದ್ದರೆ ಒಂದು ಕಡಿಮೆ ಕೇಳಿದರೂ ನಡೆದೀತು. ಇದು ಶಾಸ್ತ್ರವಲ್ಲ, ಆದರೆ ದಲ್ಲಾಳಿಯ ಮಾತಿಗಿಂತ ಹೆಚ್ಚು ನಂಬಬಹುದಾದ ಸುಳಿವು.

2005ರ ಜುಲೈ 26ರಂದು ಈ ಸುಳಿವಿನ ಬೆಲೆ ಏನೆಂದು ತಿಳಿಯಿತು. ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅದೇ ಹೊತ್ತಿಗೆ ಕೊಲಾಬಾದಲ್ಲಿ ಬಿದ್ದದ್ದು ಅದರ ಹತ್ತನೆಯ ಒಂದು ಪಾಲೂ ಅಲ್ಲ. ವಿಹಾರ್, ಪವಾಯಿ ಕೆರೆಗಳ ಹೆಚ್ಚುವರಿ ನೀರನ್ನು ಹೊತ್ತು ಮಾಹಿಮ್ ಖಾಡಿಗೆ ಸೇರುವ ಮೀಠಿ ನದಿಯನ್ನು ಊರು ನದಿಯೆಂದು ಎಣಿಸುವುದನ್ನೇ ಬಿಟ್ಟಿತ್ತು. ಅದರ ಮೇಲೆ ವಿಮಾನದ ಓಡುದಾರಿ ಹಾದಿತ್ತು. ಅದರ ಅಳಿವೆಯ ಕಾಂಡ್ಲಾ ಕಾಡನ್ನೂ ಜೌಗನ್ನೂ ತುಂಬಿಸಿದ ನೆಲದಲ್ಲಿ ಬಾಂದ್ರಾ–ಕುರ್ಲಾ ಸಂಕೀರ್ಣ ಎದ್ದಿತ್ತು. ಇಕ್ಕೆಲಗಳಲ್ಲಿ ಗೋದಾಮು, ಕಾರ್ಖಾನೆ, ಜೋಪಡಿ ಒತ್ತಿಕೊಂಡಿದ್ದವು. ಮಳೆಯೂ ಉಬ್ಬರವೂ ಕೂಡಿದಾಗ ಮೀಠಿ ತನ್ನ ಹಳೆಯ ಅಗಲವನ್ನು ಒಂದೇ ಸಂಜೆಯಲ್ಲಿ ಮರಳಿ ಪಡೆಯಿತು. ಕುರ್ಲಾ, ಕಲೀನಾ ಭಾಗದ ಎಷ್ಟೋ ಮನೆಗಳಲ್ಲಿ ನೆಲಮಹಡಿ ಪೂರ್ತಿ ಮುಳುಗಿತು. ಮಳೆನೀರು ಹೋಗಲು ಬ್ರಿಟಿಷರ ಕಾಲದಲ್ಲಿ ಕಟ್ಟಿದ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದವು. ಅದನ್ನು ಇಮ್ಮಡಿಗೊಳಿಸಬೇಕೆಂಬ ಬ್ರಿಮ್‌ಸ್ಟೋವ್ಯಾಡ್ ವರದಿ 1993ರಲ್ಲೇ ಬಂದಿತ್ತು. ಹನ್ನೆರಡು ವರ್ಷ ಅದರ ಬಹುಪಾಲು ಕಾಗದದಲ್ಲೇ ಉಳಿದಿತ್ತು. ಪ್ರತಿ ಮಳೆಗಾಲ ಸುದ್ದಿಯಾಗುವ ಹಿಂದಮಾತಾ ತಟ್ಟೆಯಂತೆ ತಗ್ಗಿದ ನೆಲ. ಅಲ್ಲಿನ ನೀರನ್ನು ತಾತ್ಕಾಲಿಕವಾಗಿ ಹಿಡಿದಿಡಲು ಇತ್ತೀಚಿನ ವರ್ಷಗಳಲ್ಲಿ ಭೂಗತ ತೊಟ್ಟಿಗಳನ್ನೇ ಕಟ್ಟಬೇಕಾಯಿತು. ಕೆರೆಗಳನ್ನು ಮುಚ್ಚಿದ ಊರು ಕಡೆಗೆ ನೆಲದಡಿಯಲ್ಲಿ ಕೆರೆ ತೋಡಿಕೊಂಡಿತು.

ಎರಡನೆಯ ಮಾತು ರೋಗದ್ದು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ಇಕ್ಕಟ್ಟಾದ ಗೋದಾಮು ಪೇಟೆಯಲ್ಲಿ ಡಾ. ಅಕಾಸಿಯೋ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಜನ ಊರು ಬಿಟ್ಟು ಓಡಿದರು, ಗಿರಣಿಗಳು ಕೂಲಿಗಳಿಲ್ಲದೆ ನಿಂತವು. ಗಾಳಿ ಬೆಳಕಿಲ್ಲದ ಕೋಣೆಗಳೇ ರೋಗಕ್ಕೆ ಮೂಲವೆಂದು ಬಗೆದ ಸರಕಾರ 1898ರಲ್ಲಿ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಪಡುಗಾಳಿ ಊರಿನೊಳಗೆ ಬರಲೆಂದು ಟ್ರಸ್ಟು ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆಗಳನ್ನು ದಟ್ಟ ವಸತಿಯ ನಡುವೆ ಸೀಳಿ ತೆಗೆಯಿತು. ಉತ್ತರದ ಹೊಲಗದ್ದೆಗಳಲ್ಲಿ ದಾದರ್, ಮಾಟುಂಗಾ, ವಡಾಲಾ, ಸಾಯನ್ ಬಡಾವಣೆಗಳನ್ನು ರೂಪಿಸಿತು. ಅಗಲವಾದ ಬೀದಿ, ಇಕ್ಕೆಲದಲ್ಲಿ ಸಾಲುಮರ, ಕಟ್ಟಡದಿಂದ ಕಟ್ಟಡಕ್ಕೆ ಕಡ್ಡಾಯ ಅಂತರ, ನಡುನಡುವೆ ಉದ್ಯಾನ. ಇಂದು ಪಾರ್ಸಿ ಕಾಲನಿಯ, ಹಿಂದೂ ಕಾಲನಿಯ, ಮಾಟುಂಗಾದ ನೆರಳಿಗೆ ನಾವು ಕೊಡುವ ದುಬಾರಿ ಬೆಲೆ ಪ್ಲೇಗಿನಲ್ಲಿ ಸತ್ತವರಿಂದ ಕಲಿತ ಪಾಠದ ಬೆಲೆ.

ಫೋರ್ಟಿನ ಹೋಟೆಲುಗಳಲ್ಲಿ ದುಡಿಯುತ್ತ ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರ ಮುಂದಿನ ತಲೆಮಾರು ಕಚೇರಿಯ ನೌಕರಿ ಹಿಡಿದು ತಮಿಳರೊಡನೆ, ಮಲೆಯಾಳಿಗಳೊಡನೆ ಈ ಮಾಟುಂಗಾಕ್ಕೆ ಬಂದು ನೆಲೆಸಿತು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನ ನೆಲೆ ಇಲ್ಲೇ. ಆಗ ಅವರಿಗೆ ಮನೆ ಸಿಕ್ಕಿದ್ದು ಬಾಡಿಗೆಗೆ. ಮಾಟುಂಗಾದ ನಿವೇಶನಗಳನ್ನು ಟ್ರಸ್ಟು ಮಾರಿರಲಿಲ್ಲ. ದೀರ್ಘಾವಧಿಯ ಗುತ್ತಿಗೆಗೆ ಕೊಟ್ಟಿತ್ತು. 1933ರಲ್ಲಿ ಟ್ರಸ್ಟು ಮಹಾನಗರಪಾಲಿಕೆಯಲ್ಲಿ ವಿಲೀನವಾದಾಗ ಆ ಗುತ್ತಿಗೆಗಳೂ ಅದರ ಪಾಲಾದವು. ಆದ್ದರಿಂದ ಇಲ್ಲಿ ಮನೆ ಕೊಳ್ಳುವವನು ಕಟ್ಟಡದ ವಯಸ್ಸಿನೊಡನೆ ಗುತ್ತಿಗೆಯ ಆಯುಸ್ಸನ್ನೂ ಕೇಳಬೇಕು. ಗುತ್ತಿಗೆಯಲ್ಲಿ ಇನ್ನೆಷ್ಟು ವರ್ಷ ಉಳಿದಿದೆ, ನವೀಕರಣಕ್ಕೆ ಏನು ಷರತ್ತು, ಹಸ್ತಾಂತರಕ್ಕೆ ಯಾರ ಅಪ್ಪಣೆ ಬೇಕು ಎಂಬುದು ಒಂದೊಂದು ನಿವೇಶನಕ್ಕೆ ಒಂದೊಂದು ಬಗೆ. ನವಮುಂಬಯಿಯ ಕತೆಯೂ ಇಂಥದೇ: 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ನೆಲವನ್ನು 60 ವರ್ಷಗಳ ಗುತ್ತಿಗೆಗೆ ಕೊಡುತ್ತ ಬಂದಿದೆ. 1668ರ ಕರಾರಿನ ನೆರಳು ಇಂದಿಗೂ ಈ ಊರನ್ನು ಬಿಟ್ಟಿಲ್ಲ. ಇಲ್ಲಿ ಮನೆಯೊಡೆಯರೆನಿಸಿಕೊಂಡ ಎಷ್ಟೋ ಜನ ಕಾಗದದ ಮಟ್ಟಿಗೆ ದೀರ್ಘಕಾಲದ ಬಾಡಿಗೆದಾರರು.

ಮೂರನೆಯ ಮಾತು ಬಾಡಿಗೆಯ ಕಾನೂನಿನದು. ಎರಡನೆಯ ಮಹಾಯುದ್ಧದ ಬಳಿಕ ಬಾಡಿಗೆದಾರರ ರಕ್ಷಣೆಗೆಂದು ಬಂದ 1947ರ ಬಾಂಬೆ ಬಾಡಿಗೆ ಕಾಯಿದೆ ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟದಲ್ಲೇ ಕಟ್ಟಿಹಾಕಿತು. ಅಂದಿನ ಪರಿಸ್ಥಿತಿಯಲ್ಲಿ ಅದು ಸಾವಿರಾರು ಕುಟುಂಬಗಳನ್ನು ಬೀದಿಗೆ ಬೀಳದಂತೆ ಕಾಯಿತು. ಆದರೆ ತಾತ್ಕಾಲಿಕವೆಂದು ಬಂದದ್ದು ಐವತ್ತು ವರ್ಷ ಉಳಿಯಿತು. ಬಾಡಿಗೆಯಲ್ಲಿ ಸುಣ್ಣ ಬಳಿಯಲೂ ಹಣ ಹುಟ್ಟದಿದ್ದಾಗ ಮಾಲಿಕರು ರಿಪೇರಿಯನ್ನು ನಿಲ್ಲಿಸಿದರು. ಹೊಸದಾಗಿ ಬಾಡಿಗೆಗೆಂದು ಕಟ್ಟಡ ಕಟ್ಟುವವರೂ ಇಲ್ಲವಾದರು. ಒಡೆತನವಲ್ಲದ, ಬರಿಯ ಬಾಡಿಗೆಯೂ ಅಲ್ಲದ "ಪಗಡಿ" ಎಂಬ ಮೂರನೆಯ ಬಗೆ ಬೆಳೆಯಿತು. ಇಡಿಗಂಟು ಕೊಟ್ಟು ಬಾಡಿಗೆಯ ಹಕ್ಕನ್ನು ಕೊಳ್ಳುವುದು, ಬಿಟ್ಟುಹೋಗುವಾಗ ಅದನ್ನು ಇನ್ನೊಬ್ಬನಿಗೆ ಮಾರಿ ಮಾಲಿಕನಿಗೊಂದು ಪಾಲು ಕೊಡುವುದು. ಬಹುಕಾಲ ಕಾನೂನಿನ ಕಣ್ಣಿಗೆ ಬೀಳದಂತೆ ನಡೆದ ಈ ವ್ಯವಹಾರಕ್ಕೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಮಾನ್ಯತೆ ಕೊಟ್ಟಿತು.

ಕುಸಿಯತೊಡಗಿದ ಕಟ್ಟಡಗಳ ದುರಸ್ತಿಗಾಗಿ 1969ರಲ್ಲಿ ಸರಕಾರ ಪ್ರತ್ಯೇಕ ಮಂಡಳಿಯನ್ನೂ ಅದಕ್ಕೊಂದು ಉಪಕರವನ್ನೂ ತಂದಿತು. ಆಗ ದ್ವೀಪನಗರದಲ್ಲಿ ಅಂಥ ಕಟ್ಟಡಗಳು 19,000ಕ್ಕೂ ಹೆಚ್ಚು. ಗಿರಗಾಂವ್, ಕಾಳಬಾದೇವಿ, ಪರೇಲ್, ಲಾಲ್‌ಬಾಗ್ ಕಡೆ "ಪಗಡಿಯ ಮನೆ, ಅಗ್ಗಕ್ಕೆ ಸಿಗುತ್ತದೆ, ಮುಂದೆ ಮರುನಿರ್ಮಾಣಕ್ಕೆ ಹೋದರೆ ದೊಡ್ಡ ಫ್ಲ್ಯಾಟೇ ಬರುತ್ತದೆ" ಎಂಬ ಮಾತು ಕಿವಿಗೆ ಬಿದ್ದರೆ ಈ ಹಿನ್ನೆಲೆ ನೆನಪಿರಲಿ. ಅಲ್ಲಿ ಕೊಳ್ಳುವುದು ಮನೆಯನ್ನಲ್ಲ, ಬಾಡಿಗೆದಾರನ ಹಕ್ಕನ್ನು. ಆ ಹಕ್ಕಿನ ಮೇಲೆ ಬ್ಯಾಂಕಿನ ಸಾಲ ಸಿಗುವುದು ಕಷ್ಟ. "ಮುಂದೆ" ಎಂಬುದು ಐದು ವರ್ಷವಾಗಬಹುದು, ಇಪ್ಪತ್ತೈದಾಗಬಹುದು. ಅಲ್ಲಿಯವರೆಗೆ ತಲೆಯ ಮೇಲಿರುವುದು ಅದೇ ಹಳೆಯ ತೊಲೆ.

ನಾಲ್ಕನೆಯ ಮಾತು ಕೂಡಿ ಬಾಳುವುದರದು, ಮತ್ತು ಇದರಲ್ಲಿ ನಮ್ಮ ಕರಾವಳಿಯ ಪಾಲು ದೊಡ್ಡದು. ಉತ್ತರ, ದಕ್ಷಿಣ ಕನ್ನಡದಿಂದ ಬಂದ ಚಿತ್ರಾಪುರ ಸಾರಸ್ವತರ ಮುಂದಾಳು ಶ್ರೀಪಾದ ಸುಬ್ಬರಾವ್ ತಲ್ಮಕಿ ಅವರ ಮುತುವರ್ಜಿಯಿಂದ 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘ ಹುಟ್ಟಿತು. ಮುಂಬಯಿಯಲ್ಲಿ ಅದು ಆ ಬಗೆಯಲ್ಲಿ ಮೊದಲನೆಯದು. ಒಬ್ಬೊಬ್ಬರಾಗಿ ನೆಲ ಕೊಳ್ಳಲಾಗದ ಗುಮಾಸ್ತರು, ಶಿಕ್ಷಕರು ಒಟ್ಟಾಗಿ ಸಾಲ ತೆಗೆದು ಕಟ್ಟಡ ಕಟ್ಟಿದರು; ನೆಲವೂ ಕಟ್ಟಡವೂ ಸಂಘದ್ದು, ಸದಸ್ಯನದು ಷೇರು ಮತ್ತು ವಾಸದ ಹಕ್ಕು. ತಾಡದೇವಿನ ತಲ್ಮಕಿವಾಡಿ ಇಂದಿಗೂ ಅವರ ಹೆಸರು ಹೊತ್ತಿದೆ. ನಾವು ದಿನನಿತ್ಯ "ಸೊಸೈಟಿ" ಎಂದು ಕರೆಯುವ, ಅದರ ಸಭೆಗಳಲ್ಲಿ ಪಾರ್ಕಿಂಗಿಗಾಗಿ ಜಗಳಾಡುವ ವ್ಯವಸ್ಥೆಯ ಮೂಲ ಕಲ್ಪನೆ ಇಷ್ಟು ದೊಡ್ಡದು.

ಆದರೆ ಕಾಗದದಲ್ಲಿ ಆ ಕಲ್ಪನೆ ಪೂರ್ತಿಯಾಗದೆ ಉಳಿದ ಕಟ್ಟಡಗಳು ಬಹಳ. 1963ರ ಮಹಾರಾಷ್ಟ್ರ ಒಡೆತನದ ಫ್ಲ್ಯಾಟುಗಳ ಕಾಯಿದೆಯ ಪ್ರಕಾರ ಕಟ್ಟಡ ಮುಗಿದ ಮೇಲೆ ಬಿಲ್ಡರು ನೆಲದ ಹಕ್ಕನ್ನು ಸೊಸೈಟಿಯ ಹೆಸರಿಗೆ ವರ್ಗಾಯಿಸಿಕೊಡಬೇಕು. ಅದಕ್ಕೆ ಕನ್ವೆಯನ್ಸ್ ಎನ್ನುತ್ತಾರೆ. ಎಷ್ಟೋ ಬಿಲ್ಡರುಗಳು ಕೊಡಲಿಲ್ಲ; ಮುಂದೆ ಹೆಚ್ಚುವರಿ ನಿರ್ಮಾಣಕ್ಕೆ ಅವಕಾಶ ಬಂದರೆ ತಮಗಿರಲಿ ಎಂಬ ದೂರದೃಷ್ಟಿ. 2008ರ ತಿದ್ದುಪಡಿ "ಡೀಮ್ಡ್ ಕನ್ವೆಯನ್ಸ್" ಎಂಬ ದಾರಿ ತೆರೆಯಿತು: ಬಿಲ್ಡರು ಕೊಡದಿದ್ದರೆ ಸೊಸೈಟಿಯೇ ಅಧಿಕಾರಿಯ ಮುಂದೆ ಹೋಗಿ ಪಡೆಯಬಹುದು. ಹಳೆಯ ಸೊಸೈಟಿಯಲ್ಲಿ ಮನೆ ನೋಡುವಾಗ ಅಡುಗೆಮನೆಯ ಕಟ್ಟೆಗಿಂತ ಮೊದಲು ವಿಚಾರಿಸಬೇಕಾದದ್ದು ಕನ್ವೆಯನ್ಸ್ ಆಗಿದೆಯೇ ಎಂಬುದನ್ನು.

ಸಹಕಾರದ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಒಂದೊಂದು ಸಮುದಾಯ ತನ್ನವರಿಗೆಂದು ಕಟ್ಟಿದ ವಸತಿ ಆ ಸಮುದಾಯದ ಬಡವನಿಗೆ ಆಸರೆಯಾಯಿತು. ಹೊರಗಿನವನಿಗೆ ಗೋಡೆಯೂ ಆಯಿತು. ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತಗೊಳಿಸುವ ಉಪನಿಯಮವನ್ನು ಅಹಮದಾಬಾದಿನ ಪಾರ್ಸಿ ಸೊಸೈಟಿಯೊಂದರ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು 2005ರಲ್ಲಿ ಎತ್ತಿಹಿಡಿಯಿತು. ಉಪನಿಯಮವಿಲ್ಲದ ಕಡೆಯೂ ಊಟದ ಹೆಸರಿನಲ್ಲಿ, ಧರ್ಮದ ಹೆಸರಿನಲ್ಲಿ ಬಾಗಿಲು ಮುಚ್ಚುವುದನ್ನು ಮನೆ ಹುಡುಕಿದವರೆಲ್ಲ ಕಂಡಿದ್ದಾರೆ. ಮೀನು ತಿನ್ನುವ ನಮ್ಮ ಕರಾವಳಿಯವರೇ ಇದಕ್ಕೆ ಸಾಕ್ಷಿ. ನೆರೆಹೊರೆಯನ್ನು ಆರಿಸಿಕೊಳ್ಳುವಾಗ ನಾವು ಯಾರನ್ನು ಹೊರಗಿಟ್ಟ ಗೋಡೆಯ ಒಳಗೆ ಸೇರುತ್ತಿದ್ದೇವೆ ಎಂಬುದೂ ತಿಳಿದಿರಬೇಕಾದ ಸಂಗತಿ.

ಐದನೆಯ ಮಾತು ಗಿರಣಿಗಳದು. 1854ರಲ್ಲಿ ಆರಂಭವಾದ ಹತ್ತಿಗಿರಣಿಗಳ ಯುಗ ಪರೇಲ್, ಲಾಲ್‌ಬಾಗ್, ವರ್ಳಿ, ಬೈಕಲಾ ಸುತ್ತಲ ಗಿರಣಗಾಂವನ್ನು ಕಟ್ಟಿತು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಆರಂಭಿಸಿದ ಮುಷ್ಕರ ಮುಗಿಯಲೇ ಇಲ್ಲ, ಮುಗಿದದ್ದು ಗಿರಣಿಗಳು. 1991ರ ನಿಯಮ ಗಿರಣಿ ನೆಲದಲ್ಲಿ ಮೂರರಲ್ಲೊಂದು ಪಾಲು ಬಯಲು ಜಾಗಕ್ಕಾಗಿ ನಗರಪಾಲಿಕೆಗೆ, ಇನ್ನೊಂದು ಪಾಲು ವಸತಿಗಾಗಿ ಮ್ಹಾಡಾಕ್ಕೆ, ಉಳಿದದ್ದು ಮಾಲಿಕರಿಗೆ ಎಂದು ಹೇಳಿತ್ತು. 2001ರ ತಿದ್ದುಪಡಿ ಈ ಪಾಲುಪಟ್ಟಿಯನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕಷ್ಟೆ ಇಳಿಸಿತು. 2006ರಲ್ಲಿ ಸುಪ್ರೀಮ್ ಕೋರ್ಟು ಅದನ್ನು ಒಪ್ಪಿತು. ಊರಿಗೆ ಸಿಗಬೇಕಾಗಿದ್ದ ಉದ್ಯಾನಗಳೂ ಬಡವರಿಗೆ ಸಿಗಬೇಕಾಗಿದ್ದ ಮನೆಗಳೂ ಬಹುಮಟ್ಟಿಗೆ ಕರಗಿದವು. ಗೋಪುರಗಳು ಎದ್ದವು, ಕಚೇರಿಗಳು ತುಂಬಿದವು. ಬೀದಿಯೂ ರೈಲಿನ ಮೇಲ್ಸೇತುವೆಯೂ ಗಿರಣಿಯ ಕಾಲದ ಅಳತೆಯಲ್ಲೇ ಉಳಿದವು. 2017ರ ಸೆಪ್ಟೆಂಬರ್ 29ರ ಬೆಳಗ್ಗೆ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಸೇತುವೆಯ ಮೇಲೆ ಕಾಲ್ತುಳಿತಕ್ಕೆ 23 ಜನ ಸತ್ತರು. ಮೂವತ್ತನೆಯ ಮಹಡಿಯ ಕಿಟಕಿಯಿಂದ ಕಡಲು ಕಾಣುತ್ತದೆ ಎಂದು ತೋರಿಸುವವರು ನಿಲ್ದಾಣದ ಮೆಟ್ಟಿಲನ್ನು ತೋರಿಸುವುದಿಲ್ಲ. ಬೆಳಗ್ಗೆ ಒಂಬತ್ತೂವರೆಗೆ ಹೋಗಿ ಅದನ್ನು ನಾವೇ ನೋಡಬೇಕು.

ಊರಿನ ಹೊರಗೆ, ನವಮುಂಬಯಿ ಕಡೆಗೆ ಹೋದರೂ ಚರಿತ್ರೆ ಹಿಂಬಾಲಿಸುತ್ತದೆ. ಅಲ್ಲಿನ ನೆಲ ಆಗ್ರಿ, ಕೋಳಿ ಸಮುದಾಯಗಳ ಹೊಲ, ಉಪ್ಪಿನಾಗರ. ಸ್ವಾಧೀನದ ವಿರುದ್ಧ 1984ರ ಜನವರಿಯಲ್ಲಿ ಉರಣ್ ಭಾಗದ ರೈತರು ಎದ್ದು ನಿಂತಾಗ ಗುಂಡಿಗೆ ಐವರು ಬಲಿಯಾದರು. ನೆಲ ಕಳೆದುಕೊಂಡವರಿಗೆ ಅದರ ಶೇಕಡ 12.5ರಷ್ಟನ್ನು ಅಭಿವೃದ್ಧಿಪಡಿಸಿ ಹಿಂತಿರುಗಿಸುವ ಯೋಜನೆ ಆ ಹೋರಾಟದ ಫಲ. ಇಂದು ಜಾಹೀರಾತುಗಳಲ್ಲಿ "ಸಾಢೇಬಾರಾ ಟಕ್ಕೆ ಪ್ಲಾಟ್" ಎಂದು ಓದಿದಾಗ ಅದೊಂದು ವ್ಯವಹಾರದ ಪದವಾಗಿ ಕಾಣುತ್ತದೆ. ಅದರ ಹಿಂದೆ ಐದು ಜೀವಗಳಿವೆ. ಹಾಗೆಯೇ ಹಳೆಯ ಗಾವಠಾಣಗಳ ಅಂಚಿನಲ್ಲಿ ಅನುಮತಿಯಿಲ್ಲದೆ ಎದ್ದ ಕಟ್ಟಡಗಳಲ್ಲಿ ಅಗ್ಗದ ಮನೆ ಕೊಂಡವರು ಕೋರ್ಟಿನ ತೀರ್ಪು ಬಂದಾಗ ಬೀದಿಗೆ ಬಿದ್ದದ್ದೂ ಉಂಟು. ದುಬಾರಿ ಪ್ರದೇಶದಲ್ಲಿ ಹೀಗಾಗದು ಎನ್ನುವಂತಿಲ್ಲ. ವರ್ಳಿಯ ಕ್ಯಾಂಪಾ ಕೋಲಾ ಆವರಣದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಬಾಳಿದವರಿಗೆ, ಅನುಮತಿ ಮೀರಿ ಕಟ್ಟಿದ ಮಹಡಿಗಳು ಅಕ್ರಮವೆಂದು 2013ರಲ್ಲಿ ಸುಪ್ರೀಮ್ ಕೋರ್ಟು ಹೇಳಿತು.

ಹಾಗಾದರೆ ಮನೆ ಕೊಳ್ಳುವವನು ಏನು ಮಾಡಬೇಕು? ಚರಿತ್ರೆಕಾರ ಹಳೆಯ ಊರಿನ ಬಗ್ಗೆ ಏನು ಮಾಡುತ್ತಾನೋ ಅದನ್ನೇ: ದಾಖಲೆ ಹುಡುಕಬೇಕು, ಸಾಕ್ಷಿಗಳನ್ನು ಕೇಳಬೇಕು. ನಗರ ಸರ್ವೇ ಕಚೇರಿಯ ಪ್ರಾಪರ್ಟಿ ಕಾರ್ಡಿನಲ್ಲಿ, ಹಳ್ಳಿಯ ನೆಲವಾದರೆ ಸಾತಬಾರಾ ಪತ್ರದಲ್ಲಿ, ನೆಲ ಯಾರದೆಂದು ಬರೆದಿದೆ. ವಕೀಲರು 30 ವರ್ಷದ ಹಕ್ಕುಶೋಧ ಮಾಡುವುದು ವಾಡಿಕೆ. ಅದರ ವರದಿಯನ್ನು ಕಡತದಲ್ಲಿಟ್ಟು ಮರೆಯದೆ ಕಾದಂಬರಿಯಂತೆ ಓದಬೇಕು. 2034ರ ಅಭಿವೃದ್ಧಿ ನಕಾಶೆಯಲ್ಲಿ ಆ ನಿವೇಶನ ರಸ್ತೆಗೋ ಶಾಲೆಗೋ ಮೀಸಲಾಗಿದೆಯೇ, 1991ರಿಂದ ಜಾರಿಯಲ್ಲಿರುವ ಕರಾವಳಿ ನಿಯಂತ್ರಣದ ಗೆರೆಯೊಳಗೆ ಬರುತ್ತದೆಯೇ ಎಂದು ಕೇಳಬೇಕು. ವಾಸಯೋಗ್ಯ ಪ್ರಮಾಣಪತ್ರ ಇದೆಯೇ, ಅದರಲ್ಲಿ ಬರೆದಷ್ಟೇ ಮಹಡಿಗಳಿವೆಯೇ ಎಂದು ಎಣಿಸಬೇಕು. ಹೊಸ ಕಟ್ಟಡವಾದರೆ 2017ರಿಂದ ಕೆಲಸ ಮಾಡುತ್ತಿರುವ ಮಹಾರೇರಾದಲ್ಲಿ ನೋಂದಣಿಯನ್ನೂ, ಕಾರ್ಪೆಟ್ ವಿಸ್ತೀರ್ಣವನ್ನೂ, ನೆಲದ ಮೇಲಿನ ಮೊಕದ್ದಮೆಗಳನ್ನೂ ನೋಡಬಹುದು.

ದಾಖಲೆಯಲ್ಲಿ ಇಲ್ಲದ್ದನ್ನು ಮನುಷ್ಯರು ಹೇಳುತ್ತಾರೆ. ಕಟ್ಟಡದ ಹಳೆಯ ಕಾವಲುಗಾರ, ಮೂಲೆಯ ಕಿರಾಣಿ ಅಂಗಡಿಯವನು, ನೆಲಮಹಡಿಯಲ್ಲಿ ನಲವತ್ತು ವರ್ಷ ಕಳೆದ ಅಜ್ಜಿ, ಇವರ ಬಳಿ ಹತ್ತು ನಿಮಿಷ ನಿಂತರೆ ನಕಾಶೆ ಬಿಡಿಸಿಕೊಳ್ಳುತ್ತದೆ. "2005ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?" ಎಂದು ಕೇಳಿ ನೋಡಿ. ಬಂದಿದ್ದ ಕಡೆ ಯಾರೂ ಯೋಚಿಸುವುದಿಲ್ಲ. ಗೋಡೆಯ ಹತ್ತಿರ ಹೋಗಿ, ಸೊಂಟದ ಮಟ್ಟಕ್ಕೋ ಎದೆಯ ಮಟ್ಟಕ್ಕೋ ಕೈಯಿಟ್ಟು ತೋರಿಸುತ್ತಾರೆ. ಅಲ್ಲಿ ಎಷ್ಟು ಸಲ ಬಣ್ಣ ಬಳಿದಿದ್ದರೂ ಆ ಕೈ ಜಾಗ ತಪ್ಪುವುದಿಲ್ಲ.